ಯೆಸ್, ಯೆಸ್, ಸೊನ್ನೆ: ಡೇಟಾಬೇಸ್ ರೆಪ್ಲಿಕಾ ನಿಜಕ್ಕೂ ಸಿಂಕ್‌ನಲ್ಲಿದೆಯಾ?

ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ‘ರಿಪೋರ್ಟಲ್ಲಿ ಮೂರು ಆರ್ಡರ್ ಕಾಣ್ತಿಲ್ಲ ಸರ್, ಆ್ಯಪಲ್ಲಿ ನೋಡಿದ್ರೆ ಇವೆ.’ ನಾನು ಆಗ ಕೆಲಸ ಮಾಡುತ್ತಿದ್ದ ಕಡೆ ಎರಡು ಮೈಎಸ್‌ಕ್ಯೂಎಲ್ (ಡೇಟಾಬೇಸ್ ತಂತ್ರಾಂಶ) ಸರ್ವರ್ ಇದ್ದವು. ಆ್ಯಪ್ ಬರೆಯುವುದು ಮುಖ್ಯ ಸರ್ವರ್‌ಗೆ, ರಿಪೋರ್ಟ್ ಓದುವುದು ರೆಪ್ಲಿಕಾದಿಂದ, ಅಂದರೆ ಮುಖ್ಯ ಸರ್ವರ್ ಅನ್ನು ನಕಲು ಮಾಡುತ್ತಲೇ ಇರುವ ಎರಡನೆಯ ಸರ್ವರ್‌ನಿಂದ. ರೆಪ್ಲಿಕಾದ ಸ್ಟೇಟಸ್ ತೆಗೆದು ನೋಡಿದೆ. ನಕಲು ಮಾಡುವ ಎರಡೂ ಥ್ರೆಡ್ (ಒಳಗೆ ಓಡುವ ಕೆಲಸ) ‘ಯೆಸ್’. ಎಷ್ಟು ಸೆಕೆಂಡು ಹಿಂದಿದೆ ಅಂದರೆ ಸೊನ್ನೆ. ಆದರೂ ಮೂರು ಆರ್ಡರ್ ನಾಪತ್ತೆ!

ಇದು ಹೇಗೆ ಸಾಧ್ಯ ಅಂತ ತಿಳಿಯಲು ಒಳಗಿನ ಕೆಲಸ ನೋಡಬೇಕು. ಮುಖ್ಯ ಸರ್ವರ್ ತನ್ನಲ್ಲಾದ ಪ್ರತಿ ಬದಲಾವಣೆಯನ್ನೂ ಬೈನರಿ ಲಾಗ್‌ನಲ್ಲಿ ಬರೆದಿಡುತ್ತದೆ, ಅಂಗಡಿಯ ದಿನವಹಿಯ ಹಾಗೆ. ರೆಪ್ಲಿಕಾದಲ್ಲಿ ಇಬ್ಬರು ಗುಮಾಸ್ತರು. ಐಒ ಥ್ರೆಡ್ ಎಂಬಾತ ದಿನವಹಿಯ ಹಾಳೆಗಳನ್ನು ತಂದು ರಿಲೇ ಲಾಗ್‌ಗೆ ಹಾಕುತ್ತಾನೆ. ಎಸ್‌ಕ್ಯೂಎಲ್ ಥ್ರೆಡ್ ಅದನ್ನು ಓದಿ ಖಾತೆಗೆ ಏರಿಸುತ್ತಾನೆ. ‘ಯೆಸ್, ಯೆಸ್’ ಅಂದರೆ ಇಬ್ಬರೂ ಕೆಲಸಕ್ಕೆ ಬಂದಿದ್ದಾರೆ ಅಂತ, ಅಷ್ಟೇ. ಹಳೆಯ ಪುಟಗಳು ತಾಳೆಯಾಗುತ್ತವಾ ಅಂತ ಇವರಿಬ್ಬರೂ ತಿರುವಿ ನೋಡುವುದಿಲ್ಲ.

ಶುರು ಮಾಡುವಾಗ

ಮೊದಲು ಎರಡೂ ಸರ್ವರ್‌ಗೆ ಬೇರೆ ಬೇರೆ ಸರ್ವರ್ ಐಡಿ ಕೊಡಿ. ವರ್ಚುವಲ್ ಮಷೀನನ್ನೇ ಕ್ಲೋನ್ ಮಾಡಿದ್ದರೆ ಕ್ಲೋನ್‌ನ ಡೇಟಾ ಫೋಲ್ಡರಿನ ‘ಆಟೋ ಡಾಟ್ ಸಿಎನ್‌ಎಫ್’ ಫೈಲನ್ನು ಅಳಿಸಿ, ಸರ್ವರ್ ರೀಸ್ಟಾರ್ಟ್ ಮಾಡಿ. ಇಲ್ಲದಿದ್ದರೆ ಎರಡಕ್ಕೂ ಒಂದೇ ಯುಯುಐಡಿ (ಸರ್ವರ್‌ನ ವಿಶಿಷ್ಟ ಗುರುತು) ಇರುತ್ತದೆ, ರೆಪ್ಲಿಕೇಶನ್ (ಈ ನಕಲು ಕೆಲಸ) ಶುರುವೇ ಆಗುವುದಿಲ್ಲ.

ಬೈನರಿ ಲಾಗ್ ‘ರೋ’ ಮಾದರಿಯಲ್ಲಿರಲಿ, ಅಂದರೆ ಬದಲಾದ ಸಾಲುಗಳೇ ಹೋಗಲಿ. ಮೈಎಸ್‌ಕ್ಯೂಎಲ್ 5.7.7ರಿಂದ ಇದೇ ಡಿಫಾಲ್ಟ್. ಹಳೆಯ ‘ಸ್ಟೇಟ್‌ಮೆಂಟ್’ ಮಾದರಿಯಲ್ಲಿ ಕ್ವೆರಿಯೇ (ಡೇಟಾಬೇಸಿಗೆ ಕೊಟ್ಟ ಆದೇಶವೇ) ಹೋಗುತ್ತದೆ. ಅದರಲ್ಲಿ ಪ್ರತಿ ಸಲ ಹೊಸ ಗುರುತು ಕೊಡುವ ಯುಯುಐಡಿ ಫಂಕ್ಷನ್ ಇದ್ದರೆ ಎರಡು ಕಡೆ ಎರಡು ಉತ್ತರ ಬರುತ್ತದೆ. ಜಿಟಿಐಡಿಯನ್ನೂ ಆನ್ ಮಾಡಿ. ಪ್ರತಿ ಟ್ರಾನ್ಸಾಕ್ಷನ್‌ಗೂ (ಒಟ್ಟಿಗೇ ದಾಖಲಾಗುವ ಬದಲಾವಣೆಗಳ ಕಟ್ಟಿಗೂ) ಅದು ಹುಟ್ಟಿದ ಸರ್ವರ್‌ನ ಯುಯುಐಡಿಯ ಜೊತೆ ಒಂದು ನಂಬರ್ ಬೀಳುತ್ತದೆ. ರೆಪ್ಲಿಕಾದ ಪಟ್ಟಿಯಲ್ಲಿ ರೆಪ್ಲಿಕಾದ್ದೇ ಯುಯುಐಡಿ ಕಂಡರೆ ಅಲ್ಲಿ ಯಾರೋ ಕೈಯಾಡಿಸಿದ್ದಾರೆ ಅಂತ ಅರ್ಥ.

ಆಮೇಲೆ ಮೊದಲ ನಕಲು. ಸಣ್ಣ ಡೇಟಾಬೇಸ್ ಆದರೆ ಮೈಎಸ್‌ಕ್ಯೂಎಲ್‌ಡಂಪ್ ಸಾಕು, ‘ಸಿಂಗಲ್ ಟ್ರಾನ್ಸಾಕ್ಷನ್’ ಆಯ್ಕೆ ಮರೆಯಬೇಡಿ. ದೊಡ್ಡದಾದರೆ ಎಕ್ಸ್‌ಟ್ರಾಬ್ಯಾಕಪ್, ಅಥವಾ 8.0.17ರಿಂದ ಬಂದಿರುವ ಕ್ಲೋನ್ ಪ್ಲಗಿನ್. ನಂತರ ರೆಪ್ಲಿಕಾಗೆ ಮುಖ್ಯ ಸರ್ವರ್‌ನ ವಿಳಾಸ ತೋರಿಸಿ, ಆಟೋ ಪೊಸಿಷನ್ 1 ಮಾಡಿ, ‘ಸ್ಟಾರ್ಟ್ ರೆಪ್ಲಿಕಾ’ ಅನ್ನಿ.

ಇಲ್ಲಿಗೆ ಮುಗಿಯಿತು ಅಂತ ಎದ್ದುಹೋಗುವವರೇ ಜಾಸ್ತಿ. ಒಂದು ಬೀಗ ಬಾಕಿ ಇದೆ: ‘ಸೂಪರ್ ರೀಡ್ ಓನ್ಲಿ’. ಬರೀ ‘ರೀಡ್ ಓನ್ಲಿ’ ಹಾಕಿದರೆ ಅಡ್ಮಿನ್ ಅಧಿಕಾರ ಇರುವವರು ಬರೆಯಬಹುದು. ತಪ್ಪು ಮಾಡುವವರೂ ಅವರೇ ಅಲ್ವಾ?

ನಮ್ಮಲ್ಲಿ ಆಗಿದ್ದೂ ಅದೇ. ಆ ಸರ್ವರ್‌ನಲ್ಲಿ ಜಿಟಿಐಡಿ ಇರಲಿಲ್ಲ, ಬೀಗವೂ ಇರಲಿಲ್ಲ. ಯಾರೋ ರೆಪ್ಲಿಕಾವನ್ನೇ ಟೆಸ್ಟ್ ಸರ್ವರ್ ಅಂದುಕೊಂಡು ಒಂದು ಆರ್ಡರ್ ಸೇರಿಸಿದ್ದರು. ಸ್ವಲ್ಪ ಹೊತ್ತಿಗೆ ಅದೇ ಐಡಿಯ ಅಸಲಿ ಆರ್ಡರ್ ಮುಖ್ಯ ಸರ್ವರ್‌ನಿಂದ ಬಂತು. ಎರರ್ 1062, ಡೂಪ್ಲಿಕೇಟ್ ಕೀ. ರೆಪ್ಲಿಕೇಶನ್ ನಿಂತಿತು. ಡ್ಯೂಟಿಯಲ್ಲಿದ್ದ ಹುಡುಗ ಅಂತರ್ಜಾಲದಲ್ಲಿ ಹುಡುಕಿ ಸ್ಕಿಪ್ ಕೌಂಟರನ್ನು (ಎಷ್ಟನ್ನು ಬಿಟ್ಟು ಮುಂದೆ ಹೋಗಬೇಕು ಅನ್ನುವ ಸಂಖ್ಯೆ) 1 ಮಾಡಿದ. ಮತ್ತೆ ‘ಯೆಸ್, ಯೆಸ್’. ಆದರೆ ಆ ‘1’ ಅಂದರೆ ಒಂದು ಸಾಲಲ್ಲ, ಒಂದಿಡೀ ಟ್ರಾನ್ಸಾಕ್ಷನ್. ಅದರಲ್ಲಿ ನಾಲ್ಕು ಆರ್ಡರ್ ಇದ್ದವು.

ಲ್ಯಾಗ್ (ರೆಪ್ಲಿಕಾ ಎಷ್ಟು ಹಿಂದಿದೆ) ಅಳೆಯುವುದು

ಸ್ಟೇಟಸ್ ತೋರಿಸುವ ಸೆಕೆಂಡನ್ನೂ ಪೂರ್ತಿ ನಂಬಬೇಡಿ. ನೆಟ್‌ವರ್ಕ್ ನಿಧಾನವಾಗಿ ಐಒ ಥ್ರೆಡ್ ಹಿಂದೆ ಬಿದ್ದಿದ್ದರೆ, ತಂದಷ್ಟನ್ನು ಎಸ್‌ಕ್ಯೂಎಲ್ ಥ್ರೆಡ್ ಮುಗಿಸಿಬಿಟ್ಟಿರುತ್ತದೆ, ಸೊನ್ನೆ ಕಾಣುತ್ತದೆ. ಪರ್ಕೋನಾ ಟೂಲ್‌ಕಿಟ್‌ನ ಪಿಟಿ-ಹಾರ್ಟ್‌ಬೀಟ್ ಇದಕ್ಕಿಂತ ವಾಸಿ. ಅದು ಮುಖ್ಯ ಸರ್ವರ್‌ನ ಒಂದು ಟೇಬಲ್ಲಿನಲ್ಲಿ ಸೆಕೆಂಡಿಗೊಮ್ಮೆ ಸಮಯ ಬರೆಯುತ್ತದೆ. ಆ ಸಮಯ ರೆಪ್ಲಿಕಾ ತಲುಪಿದಾಗ ಎಷ್ಟು ಹಳತಾಗಿದೆ ಅಂತ ನೋಡಿದರಾಯಿತು. ಅಂದಹಾಗೆ, ಲ್ಯಾಗ್ ಏರುತ್ತಲೇ ಇದ್ದರೆ ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ) ಇಲ್ಲದ ಟೇಬಲ್ ಇದೆಯಾ ಹುಡುಕಿ. ಅದರಲ್ಲಿ ಒಂದು ಲಕ್ಷ ಸಾಲು ಅಳಿಸಿದರೆ, ರೆಪ್ಲಿಕಾ ಪ್ರತಿ ಸಾಲನ್ನು ಹುಡುಕಲು ಇಡೀ ಟೇಬಲ್ ತಡಕಾಡಬೇಕಾಗಬಹುದು.

ಕೆಲವೇ ಸೆಕೆಂಡಿನ ಬಾಕಿ ಎಷ್ಟು ದುಬಾರಿ ಅನ್ನುವುದಕ್ಕೆ ಕೋಡ್ ಇಡುವ ತಾಣ ಗಿಟ್‌ಹಬ್ ಉದಾಹರಣೆ. 2018ರ ಅಕ್ಟೋಬರ್ 21ರಂದು ಅಮೆರಿಕದ ಪೂರ್ವ ಕರಾವಳಿಯಲ್ಲಿ ಅವರ ನೆಟ್‌ವರ್ಕ್ 43 ಸೆಕೆಂಡು ಕಡಿದುಹೋಯಿತು. ಬರೆಯುವ ಕೆಲಸ ತಾನಾಗೇ ಪಶ್ಚಿಮಕ್ಕೆ ವರ್ಗವಾಯಿತು. ಪೂರ್ವದಲ್ಲಿ ಬರೆದ ಕೆಲವು ಸೆಕೆಂಡಿನ ಡೇಟಾ ಅಲ್ಲಿಗೆ ಹೋಗಿರಲಿಲ್ಲ. ಎರಡು ಖಾತೆ ಎರಡು ದಾರಿ ಹಿಡಿದವು. ಸರಿಹೋಗಲು 24 ಗಂಟೆ 11 ನಿಮಿಷ ಬೇಕಾಯಿತು.

ಇಂಥದ್ದಕ್ಕೆ ಸೆಮಿಸಿಂಕ್ ಸ್ವಲ್ಪ ನೆರವಾಗುತ್ತದೆ. ಒಂದು ರೆಪ್ಲಿಕಾವಾದರೂ ‘ಹಾಳೆ ಸಿಕ್ಕಿತು’ ಅನ್ನುವವರೆಗೆ ಮುಖ್ಯ ಸರ್ವರ್ ಕಾಯುತ್ತದೆ. ಆದರೆ ಡಿಫಾಲ್ಟ್ ಆಗಿ 10 ಸೆಕೆಂಡು ಮಾತ್ರ. ಆಮೇಲೆ ಸುಮ್ನೆ ಕಾಯದ ಹಳೇ ರೀತಿಗೆ ಮರಳುತ್ತದೆ.

ತಾಳೆ ನೋಡುವುದು

ಇದೇ ನಿಜವಾದ ಪರೀಕ್ಷೆ. ಪಿಟಿ-ಟೇಬಲ್-ಚೆಕ್‌ಸಮ್ ಮುಖ್ಯ ಸರ್ವರ್‌ನಲ್ಲಿ ಓಡುತ್ತದೆ. ಟೇಬಲ್ಲನ್ನು ತುಂಡು ತುಂಡಾಗಿಸಿ ಒಂದೊಂದು ತುಂಡಿಗೂ ಚೆಕ್‌ಸಮ್ (ಡೇಟಾದಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆ) ಹಾಕುತ್ತದೆ. ಅದೇ ಕ್ವೆರಿ (ಇದಕ್ಕೆ ಮಾತ್ರ ‘ಸ್ಟೇಟ್‌ಮೆಂಟ್’ ಮಾದರಿ) ರೆಪ್ಲಿಕೇಶನ್ ದಾರಿಯಲ್ಲೇ ಹೋಗಿ ರೆಪ್ಲಿಕಾದ ಡೇಟಾ ಮೇಲೆ ಲೆಕ್ಕ ಹಾಕುತ್ತದೆ. ಎರಡೂ ಕಡೆ ಒಂದೇ ಘಳಿಗೆಯ ಡೇಟಾ, ಹಾಗಾಗಿ ಆ್ಯಪ್ ನಿಲ್ಲಿಸಬೇಕಿಲ್ಲ. ‘ಡಿಫ್ಸ್’ ಕಾಲಂನಲ್ಲಿ ಸೊನ್ನೆ ಬಂದರೆ ಆ ಸೊನ್ನೆಯನ್ನು ನಂಬಬಹುದು. ನಾನು ಇದನ್ನು ವಾರಕ್ಕೊಮ್ಮೆ, ಭಾನುವಾರ ಬೆಳಗಿನ ಜಾವ ತಾನಾಗೇ ಓಡುವ ಹಾಗೆ ಕ್ರಾನ್‌ನಲ್ಲಿ ಇಟ್ಟಿದ್ದೇನೆ.

ವ್ಯತ್ಯಾಸ ಸಿಕ್ಕರೆ ಪಿಟಿ-ಟೇಬಲ್-ಸಿಂಕ್. ಮೊದಲು ‘ಪ್ರಿಂಟ್’ ಆಯ್ಕೆಯಲ್ಲಿ ಓಡಿಸಿ, ಏನೇನು ಬದಲಿಸುತ್ತದೆ ಅಂತ ಕಣ್ಣಾರೆ ಓದಿ. ಒಪ್ಪಿಗೆಯಾದರೆ ಮಾತ್ರ ‘ಎಕ್ಸಿಕ್ಯೂಟ್’.

ಆ ರಾತ್ರಿ ಪ್ರಿಂಟ್ ತೆಗೆದಾಗ ಮೂರಲ್ಲ, ನಾಲ್ಕು ಸಾಲು ಬಂದವು. ನಾಲ್ಕನೆಯದು ರಿಪೋರ್ಟಿನಲ್ಲಿ ಇದ್ದೇ ಇತ್ತು, ಹಾಗಾಗಿ ಯಾರೂ ದೂರಿರಲಿಲ್ಲ. ಗ್ರಾಹಕರ ಹೆಸರು ‘ಟೆಸ್ಟ್ ಟೆಸ್ಟ್’, ಮೊತ್ತ 1 ರೂಪಾಯಿ.