ಏಪ್ರಿಲ್ ಮಧ್ಯಾಹ್ನಕ್ಕೂ ತಾಳುವ ಓವರ್‌ಕ್ಲಾಕ್

ವಿಜಯಪುರದಲ್ಲಿ ಮದುವೆ ವಿಡಿಯೊ ಸಂಕಲನ ಮಾಡುವ ನನ್ನಂಥವರಿಗೆ ಕೆಲಸ ಮೈಮೇಲೆ ಬೀಳುವುದೇ ಏಪ್ರಿಲ್, ಮೇ ತಿಂಗಳಲ್ಲಿ. ಹೊರಗೆ 40 ಡಿಗ್ರಿ ಬಿಸಿಲು. ಮಹಡಿಯ ಮೇಲಿನ ನನ್ನ ಕೋಣೆಯ ಛಾವಣಿ ರಾತ್ರಿ ಹತ್ತಾದರೂ ಕಾವು ಬಿಡುವುದಿಲ್ಲ. ಆ ಕೋಣೆಯಲ್ಲೇ ನಾನು ಕಂಪ್ಯೂಟರಿನ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಿದ್ದೇನೆ, ಅಂದರೆ ಕಂಪನಿ ಇಟ್ಟದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸಿದ್ದೇನೆ. ಮೊದಲ ಸಲ ಕೆಟ್ಟಿತು, ಎರಡನೆಯ ಸಲ ನಿಂತಿತು.

ನನ್ನ ಪ್ರೊಸೆಸರ್ ಎಎಮ್‌ಡಿ ಕಂಪನಿಯ ರೈಜೆನ್ 5 3600. ಆರು ಕೋರ್ (ಲೆಕ್ಕ ಮಾಡುವ ಘಟಕ), ಹನ್ನೆರಡು ಥ್ರೆಡ್ (ಒಟ್ಟಿಗೆ ನಡೆಯುವ ಲೆಕ್ಕದ ಸಾಲು). ಮೂಲ ವೇಗ 3.6 ಗಿಗಾಹರ್ಟ್ಸ್, ತಾನಾಗಿ ಏರುವ ಗರಿಷ್ಠ ವೇಗ ಅಥವಾ ಬೂಸ್ಟ್ 4.2. ಆ 4.2 ಸಿಗುವುದು ಒಂದೆರಡು ಕೋರ್‌ಗಳಿಗೆ ಮಾತ್ರ ಕೆಲಸವಿದ್ದಾಗ. ರೆಂಡರ್‌ಗೆ, ಅಂದರೆ ಸಂಕಲಿಸಿದ ವಿಡಿಯೊವನ್ನು ಕೊನೆಯ ಫೈಲ್ ಆಗಿ ಹೊರತೆಗೆಯಲು ಹಚ್ಚಿದರೆ ಆರೂ ದುಡಿಯುತ್ತವೆ, ವೇಗ 3.95ರ ಆಸುಪಾಸಿಗೆ ಇಳಿಯುತ್ತದೆ. ಆರೂ ಕೋರ್ ಒಟ್ಟಿಗೆ ಇನ್ನಷ್ಟು ಓಡಬೇಕು ಎಂಬುದು ನನ್ನ ಆಸೆ.

ಡಿಸೆಂಬರ್‌ನ ಒಂದು ರಾತ್ರಿ ಬಯಾಸ್‌ಗೆ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳ ಪುಟಕ್ಕೆ) ಹೋಗಿ 4.3 ಗಿಗಾಹರ್ಟ್ಸ್, 1.35 ವೋಲ್ಟ್ ಇಟ್ಟೆ. ಅಷ್ಟು ವೋಲ್ಟ್ ಇಡಲು ಧೈರ್ಯ ಬಂದದ್ದು ಒಂದು ತಪ್ಪು ತಿಳಿವಳಿಕೆಯಿಂದ. ವೋಲ್ಟೇಜನ್ನು ತಾನೇ ಹೊಂದಿಸಿಕೊಳ್ಳಲು ಬಿಟ್ಟಾಗ ಈ ಪ್ರೊಸೆಸರ್ ಸುಮ್ಮನಿದ್ದಾಗಲೂ 1.4 ವೋಲ್ಟ್ ದಾಟುವುದನ್ನು ಕಂಡಿದ್ದೆ. ಅಷ್ಟು ತಡೆಯುವುದಾದರೆ 1.35 ಯಾವ ಲೆಕ್ಕ ಎಂದುಕೊಂಡೆ. ಆದರೆ ಸುಮ್ಮನಿದ್ದಾಗ ಅದರಲ್ಲಿ ಹರಿಯುವ ಕರೆಂಟ್ ಬಹಳ ಕಡಿಮೆ. ಆರೂ ಕೋರ್ ದುಡಿಯುವಾಗ ಕರೆಂಟ್ ಹಲವು ಪಟ್ಟು ಏರುತ್ತದೆ. ಹೆಚ್ಚು ವೋಲ್ಟ್, ಹೆಚ್ಚು ಕರೆಂಟ್, ಹೆಚ್ಚು ಬಿಸಿ ಮೂರೂ ಕೂಡಿದಾಗ ಚಿಪ್ ಸವೆಯುತ್ತದೆ.

ಅಂದು ಕೋಣೆ 22 ಡಿಗ್ರಿ, ಹತ್ತು ನಿಮಿಷದ ಪರೀಕ್ಷೆಯಲ್ಲಿ ಪ್ರೊಸೆಸರ್ 78. ಗೆದ್ದೆ ಎಂದುಕೊಂಡು ಮಲಗಿದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಒಂದು ಮದುವೆಯ ರೆಂಡರ್ ಮುಕ್ಕಾಲು ಮುಗಿದಿತ್ತು, ಪರದೆ ಕಪ್ಪಾಯಿತು. ಅದೇ ಹೊತ್ತಿಗೆ ಮದುಮಗಳ ತಂದೆಯ ಫೋನ್: "ನಾಳೆ ಬೀಗರ ಊರಿಗೆ ಹೊರಟಿದ್ದೇವೆ, ಪೆನ್‌ಡ್ರೈವ್ ಸಿದ್ಧವಿದೆಯೇ ಸರ್?" ಓವರ್‌ಕ್ಲಾಕ್ ತೆಗೆದು, ರಾತ್ರಿಯೆಲ್ಲ ಕೂತು ಕೊಟ್ಟೆ.

ಲೆಕ್ಕ ಹಾಕಿದ್ದು ಆಮೇಲೆ. ಡಿಸೆಂಬರ್‌ನಲ್ಲಿ ಪ್ರೊಸೆಸರ್ ಕೋಣೆಗಿಂತ 56 ಡಿಗ್ರಿ ಮೇಲಿತ್ತು. ಗಾಳಿಯಿಂದ ತಣಿಯುವ ಯಂತ್ರದಲ್ಲಿ ಈ ಅಂತರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಏಪ್ರಿಲ್‌ನಲ್ಲಿ ಕೋಣೆ 38, ಕೂಡಿಸಿದರೆ 94. ಈ ಪ್ರೊಸೆಸರ್‌ಗೆ ಎಎಮ್‌ಡಿ ಕೊಟ್ಟ ಮಿತಿ 95. ಅಂದಿನಿಂದ ನಾನು ತಾಪಮಾನ ಬರೆದಿಡುವಾಗ ಪಕ್ಕದಲ್ಲಿ ಕೋಣೆಯದನ್ನೂ ಬರೆಯುತ್ತೇನೆ.

ಬಿಸಿ ವೇಗದ ಜೊತೆಗೆ ನೇರವಾಗಿ ಏರುತ್ತದೆ, ವೋಲ್ಟೇಜ್‌ನ ಜೊತೆಗೆ ವರ್ಗದ ಲೆಕ್ಕದಲ್ಲಿ ಏರುತ್ತದೆ. 4.3 ಮತ್ತು 1.35ರಿಂದ 4.2 ಮತ್ತು 1.25ಕ್ಕೆ ಇಳಿದರೆ ಹೋಗುವ ವೇಗ ಶೇ 2ರ ಸುಮಾರು, ಇಳಿಯುವ ಬಿಸಿ ಶೇ 16ರಷ್ಟು. ಇದನ್ನು ಕಾಗದದ ಮೇಲೆ ಕಂಡ ದಿನ 4.3ರ ಮೋಹ ಬಿಟ್ಟೆ.

ಎರಡನೆಯ ಸಲ ಕೆಳಗಿನಿಂದ ಹತ್ತಿದೆ. ಮಲ್ಟಿಪ್ಲೈಯರ್ 42, ಅಂದರೆ 4.2 ಗಿಗಾಹರ್ಟ್ಸ್; ವೋಲ್ಟೇಜ್ 1.20. ಪ್ರೊಸೆಸರ್ ಪರೀಕ್ಷಿಸುವ ತಂತ್ರಾಂಶ ಸಿನೆಬೆಂಚ್ ಅರ್ಧಕ್ಕೇ ನಿಂತಿತು. 1.2125 ಇಟ್ಟೆ, ಮತ್ತೆ ನಿಂತಿತು. 1.225ಕ್ಕೆ ಸಿನೆಬೆಂಚ್ ಮುಗಿಯಿತು, ಆದರೆ ಅದಕ್ಕಿಂತ ಕಠಿಣ ಪರೀಕ್ಷೆಯಾದ ಪ್ರೈಮ್95ನಲ್ಲಿ ಇಪ್ಪತ್ತು ನಿಮಿಷಕ್ಕೆ ಒಂದು ಥ್ರೆಡ್ ತಪ್ಪು ಲೆಕ್ಕ ಕೊಟ್ಟಿತು. ಕಂಪ್ಯೂಟರ್ ನಿಲ್ಲಲಿಲ್ಲ, ಪರದೆಯಲ್ಲಿ ಒಂದು ಕೆಂಪು ಸಾಲು ಅಷ್ಟೆ. ನನಗೆ ಹೆಚ್ಚು ಭಯ ಇಂಥದ್ದರದ್ದೇ. ಯಂತ್ರ ಓಡುತ್ತಲೇ ಇರುತ್ತದೆ, ಫೈಲ್ ಒಳಗೊಳಗೇ ಕೆಡುತ್ತದೆ. 1.2375 ಮೂರು ಗಂಟೆ ತಾಳಿತು. ಮೇಲೆ ಒಂದು ಮೆಟ್ಟಿಲು ಸೇರಿಸಿ 1.25ಕ್ಕೆ ನಿಲ್ಲಿಸಿದೆ. ಲೋಡ್ ಬಿದ್ದಾಗ ವೋಲ್ಟೇಜ್ ತುಸು ಕುಸಿಯುತ್ತದೆ. ಹಾಗಾಗಿ ನಾನು ನಂಬುವುದು ರೆಂಡರ್ ನಡೆದಿರುವಾಗ ಕಾಣುವ ಅಂಕಿಯನ್ನು, ಬಯಾಸ್‌ನಲ್ಲಿ ಬರೆದದ್ದನ್ನಲ್ಲ.

ಒಮ್ಮೆ ಯಂತ್ರ ಏಳಲೇ ಇಲ್ಲ. ಪವರ್ ತಂತಿ ಕಿತ್ತು, ಮದರ್‌ಬೋರ್ಡ್‌ನ ಬಿಲ್ಲೆಯಂಥ ಬ್ಯಾಟರಿಯನ್ನು ಉಗುರಿನಿಂದ ಎಬ್ಬಿಸಿ ತೆಗೆದು, ಐದು ನಿಮಿಷ ಬಿಟ್ಟು ಮತ್ತೆ ಕೂರಿಸಿದೆ. ಬಯಾಸ್ ಮೊದಲಿನ ಸ್ಥಿತಿಗೆ ಬಂದಿತು. ಅದಕ್ಕೇ ಪ್ರತಿ ಬದಲಾವಣೆಗೂ ಮೊದಲು ಬಯಾಸ್ ಪುಟಗಳ ಫೋಟೊ ಮೊಬೈಲ್‌ನಲ್ಲಿ ತೆಗೆದಿಡಿ. ಓವರ್‌ಕ್ಲಾಕ್‌ನಿಂದಾದ ಹಾನಿಗೆ ಎಎಮ್‌ಡಿ ವಾರಂಟಿ ಇಲ್ಲ ಎಂಬುದೂ ಮೊದಲೇ ಗೊತ್ತಿರಲಿ.

ಪ್ರೊಸೆಸರ್ ಜೊತೆ ಬಂದ ಕೂಲರ್ ಈ ಕೆಲಸಕ್ಕೆ ಸಾಲದೆಂದು ಮೊದಲೇ 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್ ಹಾಕಿದ್ದೆ. ಅದು ಗಾಳಿಯನ್ನು ಅಡ್ಡಕ್ಕೆ ಊದುತ್ತದೆ. ಹಳೆಯದು ಕೆಳಕ್ಕೆ ಊದುತ್ತಿದ್ದುದರಿಂದ ಪ್ರೊಸೆಸರ್‌ಗೆ ವಿದ್ಯುತ್ ಕೊಡುವ ಸುತ್ತಲಿನ ಭಾಗಗಳೂ ತಣಿಯುತ್ತಿದ್ದವು. ಈಗ ಅವು ಕಾಯತೊಡಗಿದವು. ಹಿಂಬದಿಗೆ ಇನ್ನೊಂದು ಫ್ಯಾನ್ ಹಾಕಿದ ಮೇಲೆ ಸರಿಹೋಯಿತು.

ನಮ್ಮ ಊರಿನ ನಿಜವಾದ ತೊಡಕು ಧೂಳು. ಆರು ತಿಂಗಳಿಗೆ ಕೂಲರ್ ಬಿಚ್ಚಿದಾಗ ರೆಕ್ಕೆಗಳ ಮೇಲೆ ಹಂಜಿಯಂತೆ ಕೂತಿತ್ತು, ಬೆರಳಿನಿಂದ ಒಂದೇ ಪದರವಾಗಿ ಎದ್ದು ಬಂದಿತು. ನೀರು ಹಾಕುವ ಏರ್ ಕೂಲರ್ ನಮ್ಮ ಒಣ ಹವೆಗೆ ಚೆನ್ನಾಗಿ ಒಗ್ಗುತ್ತದೆ, ಕೋಣೆಯನ್ನು ಐದಾರು ಡಿಗ್ರಿ ಇಳಿಸುತ್ತದೆ. ಆದರೆ ಅದರ ಮುಖ ಕಂಪ್ಯೂಟರ್ ಕಡೆಗೆ ಇರಬಾರದು. ನಮ್ಮ ಬೋರ್‌ವೆಲ್‌ನ ಸವಳು ನೀರಿನ ಹನಿ ಹಾರಿ ಕಂಪ್ಯೂಟರ್ ಪೆಟ್ಟಿಗೆಯ ಜಾಲರಿಯಲ್ಲಿ ಬಿಳಿ ಉಪ್ಪಿನ ಚುಕ್ಕೆಗಳಾಗಿ ಒಣಗಿದ್ದನ್ನು ನೋಡಿ, ಅಂದೇ ಅದನ್ನು ಎದುರು ಗೋಡೆಯತ್ತ ತಿರುಗಿಸಿದೆ.

ಹೊಸದಾಗಿ ಏನನ್ನೇ ಇಟ್ಟರೂ ಈಗ ಪರೀಕ್ಷೆ ಮಾಡುವುದು ಏಪ್ರಿಲ್‌ನ ಮಧ್ಯಾಹ್ನವೇ, ಏರ್ ಕೂಲರ್ ಆರಿಸಿ, ಕಿಟಕಿ ಮುಚ್ಚಿ. ಕಳೆದ ಸಲ ಧೂಳು ಒರೆಸಿ, ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಹೊಸದು ಹಚ್ಚಿ ಎರಡು ಗಂಟೆಗೆ ಶುರು ಮಾಡಿದೆ. ಕೋಣೆ 38. ಸಂಜೆ ಐದಕ್ಕೆ ಬಂದು ನೋಡಿದಾಗ ಪ್ರೊಸೆಸರ್ 85 ಡಿಗ್ರಿಯಲ್ಲಿ ನಿಂತಿತ್ತು, ಪ್ರೈಮ್95ನಲ್ಲಿ ಒಂದೂ ಕೆಂಪು ಸಾಲು ಇರಲಿಲ್ಲ.