ದೂರದ ಕೈತೋಟಕ್ಕೆ ವಾರದ ನೀರು: ನನ್ನ ಅನುಭವ

ನಲ್ಲಿ, ಕರೆಂಟು ಎರಡೂ ಇಲ್ಲದ, ಮನೆಯಿಂದ ದೂರದ ಕೈತೋಟಕ್ಕೆ ನೀರು ಕೂಡಿಡಬೇಕೆಂದರೆ ಎಲ್ಲರೂ ಮೊದಲು ಕೇಳುವುದು ಟ್ಯಾಂಕ್ ಎಷ್ಟು ದೊಡ್ಡದು ಬೇಕು ಎಂದು. ನನಗೆ ಅದು ಎರಡನೆಯ ಪ್ರಶ್ನೆ. ವಾರದಲ್ಲಿ ಆರು ದಿನ ಅಲ್ಲಿ ಯಾರೂ ಇರುವುದಿಲ್ಲ. ಒಂದು ಪೈಪು ಕಳಚಿದರೆ, ಒಂದು ವಾಲ್ವ್ ತೆರೆದಲ್ಲೇ ಸಿಕ್ಕಿಕೊಂಡರೆ, ತಿಂಗಳುಗಟ್ಟಲೆ ಕೂಡಿಟ್ಟ ನೀರು ಒಂದೇ ರಾತ್ರಿಯಲ್ಲಿ ಮಣ್ಣುಪಾಲು. ಹಾಗಾಗಿ ನೀರನ್ನು ಎರಡು ಪಾಲು ಮಾಡಿದ್ದೇನೆ. ಮೇಲೆ, ವಾಲ್ವ್ ಮುಚ್ಚಿಟ್ಟ ಉಳಿತಾಯದ ನೀರು. ಕೆಳಗೆ, ಹನಿ ಪೈಪಿಗೆ ಜೋಡಿಸಿದ ವಾರದ ನೀರು. ಏನೇ ಕೆಟ್ಟರೂ ಹೋಗುವುದು ವಾರದ ನೀರಷ್ಟೇ.

ಖರ್ಚಿನ ಲೆಕ್ಕ ಸುಲಭ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ನನ್ನವು 1 ಮೀಟರ್ ಅಗಲ, 4 ಮೀಟರ್ ಉದ್ದದ 6 ಮಡಿಗಳು, ಒಟ್ಟು 24 ಚದರ ಮೀಟರ್. ಬಿಸಿಲು ಜೋರಿರುವಾಗ ಹೊದಿಕೆ ಹಾಕಿದ ತರಕಾರಿ ಮಡಿಗೆ ದಿನಕ್ಕೆ 4 ಮಿ.ಮೀ. ಹಿಡಿಯುತ್ತೇನೆ. ದಿನಕ್ಕೆ 96 ಲೀಟರ್, ವಾರಕ್ಕೆ ಹತ್ತಿರ ಹತ್ತಿರ 700. ಇದಕ್ಕೆ 200 ಲೀಟರಿನ 4 ಡ್ರಮ್ಮುಗಳು ವಾರದ ಟ್ಯಾಂಕ್, ಕಬ್ಬಿಣದ ಪಂಜರವಿರುವ 1000 ಲೀಟರಿನ 2 ಐಬಿಸಿ ಟ್ಯಾಂಕುಗಳು ಉಳಿತಾಯ. ಎಲ್ಲವೂ ತುಂಬಿದ್ದರೆ ಮಳೆಯೇ ಇಲ್ಲದೆ ನಾಲ್ಕು ವಾರಕ್ಕೆ ಸ್ವಲ್ಪ ಕಡಿಮೆ ನಡೆಯುತ್ತದೆ.

ಆದಾಯದ ಕಡೆಯೂ ನೋಡಬೇಕು. ಶೆಡ್ಡಿನ ತಗಡಿನ ಮಾಡು 12 ಚದರ ಮೀಟರ್. 20 ಮಿ.ಮೀ. ಮಳೆ ಬಂದರೆ 240 ಲೀಟರ್ ಬೀಳುತ್ತದೆ. ಸಿಡಿದು, ಆರಿ, ಮೊದಲ ತೊಳೆನೀರಾಗಿ ಹೋಗುವುದನ್ನು ಕಳೆದರೆ ಕೈಗೆ ಸಿಗುವುದು ಸುಮಾರು 200. ಎರಡು ಐಬಿಸಿ ತುಂಬಲು ಅಂಥ ಹತ್ತು ಮಳೆ ಬೇಕು. ಮೂರನೆಯ ಟ್ಯಾಂಕ್ ತರುವ ಮೊದಲು ನಾಲ್ಕು ತಗಡು ಜಾಸ್ತಿ ಹೊದಿಸುವುದೇ ಲೇಸು. ಮಾಡು ತುಂಬಿಸಲಾಗದ ಟ್ಯಾಂಕ್ ಜಾಗಕ್ಕೆ ದಂಡ. ಹೊತ್ತು ತಂದು ತುಂಬುತ್ತೇನೆ ಅನ್ನುವವರು ಒಮ್ಮೆ ಲೆಕ್ಕ ಹಾಕಲಿ: ವಾರದ 700 ಲೀಟರ್ ಎಂದರೆ 20 ಲೀಟರಿನ 35 ಕ್ಯಾನು.

ಟ್ಯಾಂಕುಗಳನ್ನು ಕೊಳ್ಳುವಾಗ ಒಳಗೆ ಮೊದಲು ಏನಿತ್ತು ಎಂದು ಖಚಿತವಾಗಿ ತಿಳಿಯದಿದ್ದರೆ ಬಿಟ್ಟುಬಿಡಿ. ಆಹಾರ ಪದಾರ್ಥ ತುಂಬಿದ್ದವು ಮಾತ್ರ ಆಗಬಹುದು. ಕೀಟನಾಶಕ, ಎಣ್ಣೆ, ಬಣ್ಣ ತುಂಬಿದ್ದವನ್ನು ಎಷ್ಟು ತೊಳೆದರೂ ಪ್ಲಾಸ್ಟಿಕ್ಕಿನೊಳಗೆ ಇಳಿದದ್ದು ನಿಧಾನವಾಗಿ ನೀರಿಗೆ ಬಿಡುತ್ತಲೇ ಇರುತ್ತದೆ.

ಬುಡ ಗಟ್ಟಿಯಿರಬೇಕು. ತುಂಬಿದ ಐಬಿಸಿ ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆ, ಆ ಭಾರವೆಲ್ಲ ಒಂದೂಕಾಲು ಚದರ ಮೀಟರಿಗೂ ಕಡಿಮೆ ಜಾಗದ ಮೇಲೆ. 15 ಸೆಂ.ಮೀ. ಮಣ್ಣು ತೆಗೆದು, ಜಲ್ಲಿ ತುಂಬಿ, ದಿಮ್ಮಸು ಹಾಕಿ, ಎರಡೂ ದಿಕ್ಕಿಗೆ ಮಟ್ಟ ನೋಡಿ ಮೇಲೆ ಕಲ್ಲು ಹಾಸಿದ್ದೇನೆ. ಪೈಪು ಜೋಡಿಸುವ ಮೊದಲೇ ಒಮ್ಮೆ ಪೂರ್ತಿ ತುಂಬಿಸಿ ಕೆಲವು ದಿನ ಬಿಡುವುದು ಒಳ್ಳೆಯದು. ಬುಡ ಇಳಿಯುವುದಿದ್ದರೆ ಆಗಲೇ ಇಳಿಯುತ್ತದೆ. ಗಟ್ಟಿ ಪಿವಿಸಿ ಪೈಪು ಜೋಡಿಸಿದ ಮೇಲೆ ಇಳಿದರೆ ಮೊದಲು ಸೀಳುವುದು ಟ್ಯಾಂಕಿನ ಬಾಯಿಯ ಜೋಡಣೆ.

ಎತ್ತರದ ವಿಷಯಕ್ಕೆ ಇಳಿಜಾರು ದೊಡ್ಡ ಉಪಕಾರ. ಶೆಡ್ಡೂ ಐಬಿಸಿಗಳೂ ಮೇಲಿನ ಅಂಚಿನಲ್ಲಿವೆ. ಅವುಗಳ ತಳ ಮಡಿಗಳಿಗಿಂತ 2 ಮೀಟರ್ ಮೇಲೆ. ಇಳಿಜಾರಿನ ನಡುವೆ ಒಂದು ಮೆಟ್ಟಿಲು ಕಡಿದು ಡ್ರಮ್ಮುಗಳನ್ನು ನಿಲ್ಲಿಸಿದೆ. ಅವುಗಳ ತಳ ಮಡಿಗಿಂತ 1 ಮೀಟರ್ ಮೇಲೆ, ಬಾಯಿ 1.9 ಮೀಟರ್. ಐಬಿಸಿಯ ತಳ ಡ್ರಮ್ಮಿನ ಬಾಯಿಗಿಂತ ಮೇಲಿರುವುದರಿಂದ ಕೊನೆಯ ಲೀಟರಿನವರೆಗೂ ನೀರು ತಾನಾಗಿ ಇಳಿಯುತ್ತದೆ. ಜಾಗ ಸಮತಟ್ಟಾಗಿದ್ದರೆ ಉಳಿತಾಯದ ಟ್ಯಾಂಕ್ ನೆಲದ ಮೇಲೇ ಇರಲಿ, ವಾರಕ್ಕೊಮ್ಮೆ ಕೈಪಂಪಿನಲ್ಲೋ ಬ್ಯಾಟರಿಯ ಸಣ್ಣ ಪಂಪಿನಲ್ಲೋ ಡ್ರಮ್ಮಿಗೆ ಏರಿಸಬಹುದು. ಒಂದು ಟನ್ ನೀರನ್ನು ಕಂಬಗಳ ಮೇಲೆ ನಿಲ್ಲಿಸುವ ಸಾಹಸ ಬೇಡ.

ಮಾಡಿನಿಂದ ಬರುವ ಮೊದಲ ನೀರಿನಲ್ಲಿ ಧೂಳು, ಹಿಕ್ಕೆ, ಎಲೆ ಇರುತ್ತವೆ. ಚದರ ಮೀಟರಿಗೆ ಒಂದು ಲೀಟರಿನಂತೆ 12 ಲೀಟರ್ ಹೊರಗೆ ಹೋಗಬೇಕು. ಟ್ಯಾಂಕಿಗೆ ತಿರುಗುವ ಮೊದಲು ನೇರ ಕೆಳಗಿಳಿಯುವ 4 ಇಂಚಿನ ಪೈಪು ಇಟ್ಟಿದ್ದೇನೆ. ಈ ಪೈಪು ಮೀಟರಿಗೆ ಸುಮಾರು 8 ಲೀಟರ್ ಹಿಡಿಯುತ್ತದೆ, ಒಂದೂವರೆ ಮೀಟರ್ ಸಾಕು. ಅದು ತುಂಬಿದ ಮೇಲೆ ಬರುವ ನೀರು ಟ್ಯಾಂಕಿಗೆ ಹೋಗುತ್ತದೆ. ತುದಿಯ ಮುಚ್ಚಳದಲ್ಲಿ 3 ಮಿ.ಮೀ. ತೂತು ಇದ್ದರೆ ಮುಂದಿನ ಮಳೆಯೊಳಗೆ ಪೈಪು ತಾನಾಗಿ ಖಾಲಿಯಾಗುತ್ತದೆ. ಈ ತೂತು ಕಟ್ಟಿಕೊಳ್ಳುವುದು ಖಂಡಿತ, ಹಾಗಾಗಿ ಮುಚ್ಚಳ ಅಂಟಿಸದೆ ತಿರುಗಿಸಿ ತೆಗೆಯುವಂಥದ್ದೇ ಇರಲಿ. ತುಂಬಿ ಚೆಲ್ಲುವ ಪೈಪು ಒಳಬರುವ ಪೈಪಿಗಿಂತ ಸಣ್ಣದಿರಬಾರದು. ಅದರ ಬಾಯಿ ಟ್ಯಾಂಕಿನ ಬುಡದಿಂದ ದೂರ ತೆರೆಯಬೇಕು, ಇಲ್ಲದಿದ್ದರೆ ಚೆಲ್ಲಿದ ನೀರೇ ಬುಡ ಕೊರೆಯುತ್ತದೆ.

ಡ್ರಮ್ಮಿಗೆ ನಿಪ್ಪಲ್ (ಪೈಪು ಜೋಡಿಸುವ ಥ್ರೆಡ್ಡಿನ ತುಂಡು) ಕೂರಿಸುವ ಜಾಗ ತಳದಿಂದ 7 ಸೆಂ.ಮೀ. ಮೇಲೆ. ಕೆಳಗಿನ ನೀರು ಬಳಕೆಗೆ ಬರುವುದಿಲ್ಲ, ಡ್ರಮ್ಮಿಗೆ 16 ಲೀಟರ್ ನಷ್ಟ. ಹೂಳು ಕೂರಲು ಆ ಜಾಗ ಬೇಕೇ ಬೇಕು. ದುಂಡು ತೂತು ಕೊರೆಯುವ ಹೋಲ್ ಸಾ ನಿಪ್ಪಲ್ಲಿನ ಥ್ರೆಡ್ಡಿನ ಹೊರ ಅಳತೆಗೆ ಸರಿಯಾಗಿರಲಿ, ತೂತಿನ ಅಂಚಿನ ಸಿಬಿರು ಚಾಕುವಿನಿಂದ ಕೆರೆದು ತೆಗೆಯಿರಿ. ಕೈ ತಳಕ್ಕೆ ಎಟುಕುವುದಿಲ್ಲ. ಹೊರಗಿನಿಂದ ತೂತಿನ ಮೂಲಕ ದಾರ ಹಾಕಿ, ಡ್ರಮ್ಮಿನ ಬಾಯಿಯಿಂದ ಹೊರತೆಗೆದು, ನಿಪ್ಪಲ್ಲಿನೊಳಗೆ ಪೋಣಿಸಿ, ತುದಿಗೊಂದು ಕಡ್ಡಿ ಕಟ್ಟಿ ಎಳೆದರೆ ನಿಪ್ಪಲ್ ತಾನಾಗಿ ತೂತಿಗೆ ಬಂದು ಕೂರುತ್ತದೆ. ರಬ್ಬರ್ ವಾಷರ್ ಒಳಗಡೆ, ನಟ್ಟು ಹೊರಗಡೆ. ಕೈಯಲ್ಲಿ ಬಿಗಿದ ಮೇಲೆ ಪಾನಾದಲ್ಲಿ ಅರ್ಧ ಸುತ್ತು, ಅಷ್ಟೇ. ಸೋರುತ್ತಿದೆ ಎಂದು ಇನ್ನೂ ಬಿಗಿದರೆ ವಾಷರ್ ಹಿಸುಕಿಕೊಂಡು ಹೊರಬಂದು ಮತ್ತಷ್ಟು ಸೋರುತ್ತದೆ.

ನಾಲ್ಕೂ ಡ್ರಮ್ಮುಗಳು ಒಂದೇ ಮಟ್ಟದಲ್ಲಿರಬೇಕು. ಒಂದು ತಗ್ಗಿದರೆ ಅದು ಚೆಲ್ಲುತ್ತಿರುತ್ತದೆ, ಉಳಿದವು ತುಂಬುವುದೇ ಇಲ್ಲ. ತಳದಲ್ಲಿ 1 ಇಂಚಿನ ಬಾಗುವ ಹೋಸ್ ಪೈಪಿನಿಂದ ಜೋಡಿಸಿ, ಪ್ರತಿಯೊಂದಕ್ಕೂ ಬೇರೆ ಬಾಲ್ ವಾಲ್ವ್ ಕೊಟ್ಟಿದ್ದೇನೆ. ಒಂದು ಡ್ರಮ್ ಸೀಳಿದರೆ ಅದರ ವಾಲ್ವ್ ಮಾತ್ರ ಮುಚ್ಚಿ ಉಳಿದ ಮೂರರಲ್ಲಿ ನಡೆಸಬಹುದು. ಮುಚ್ಚಳಗಳಲ್ಲಿ ಗಾಳಿಗೆ ದಾರಿ ಇರಲೇಬೇಕು. ಬಿಗಿಯಾಗಿ ಮುಚ್ಚಿದ ಟ್ಯಾಂಕಿನಿಂದ ನೀರು ಸ್ವಲ್ಪ ಹರಿದು ನಿಂತುಬಿಡುತ್ತದೆ, ಪಕ್ಕಗಳು ಒಳಕ್ಕೆ ಕುಗ್ಗುತ್ತವೆ.

ಐಬಿಸಿಯ ವಾಲ್ವಿನ ಥ್ರೆಡ್ ಸಾಮಾನ್ಯ ಪೈಪಿಗೆ ಹೊಂದುವುದಿಲ್ಲ. ಹೆಚ್ಚಿನವು 60 ಮಿ.ಮೀ. ಅಳತೆಯ ದಪ್ಪ ಥ್ರೆಡ್ಡಿನವು. ಅದಕ್ಕೆಂದೇ ಸಿಗುವ ಅಡಾಪ್ಟರ್ ಬೇಕು. ಟೆಫ್ಲಾನ್ ಟೇಪ್ ಸುತ್ತಿ ಬೇರೆಯದನ್ನು ತುರುಕಿದರೆ ಒಂದು ವಾರವೂ ತಡೆಯುವುದಿಲ್ಲ. ವಾರದ ಭೇಟಿಯಲ್ಲಿ ಈ ವಾಲ್ವ್ ತೆರೆದು ಡ್ರಮ್ಮುಗಳನ್ನು ತುಂಬಿಸಿ ಮತ್ತೆ ಮುಚ್ಚುತ್ತೇನೆ. ಅರ್ಧ ಗಂಟೆಗೂ ಹೆಚ್ಚು ಹಿಡಿಯಬಹುದು, ಆ ಹೊತ್ತಿಗೆ ಕಳೆ ಕೀಳಲು ಹೋದರೆ ಮರೆಯುವುದು ಸುಲಭ. ಅದಕ್ಕೆ ತೆರೆದ ಕೂಡಲೇ ಶೆಡ್ಡಿನ ಬೀಗದ ಕೈಯನ್ನು ಆ ವಾಲ್ವಿಗೇ ನೇತುಹಾಕುತ್ತೇನೆ. ವಾಲ್ವ್ ಮುಟ್ಟದೆ ಬೀಗ ಹಾಕಲಾಗದು.

ಹೆಚ್ಚು ಜನ ಸೋಲುವುದು ಒತ್ತಡದ ವಿಷಯದಲ್ಲಿ. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ, ಹಾಗಾಗಿ 1 ಮೀಟರಿಗೆ ಸಿಗುವುದು 0.1 ಬಾರ್. ಡ್ರಿಪ್ಪರ್ ಎಂದರೆ ಪೈಪಿನಿಂದ ನೀರನ್ನು ಹನಿಹನಿಯಾಗಿ ಬಿಡುವ ಸಣ್ಣ ಬಿಲ್ಲೆ. ಒತ್ತಡ ಸರಿದೂಗಿಸುವ, ಅಂದರೆ ಒತ್ತಡ ಹೆಚ್ಚು ಕಡಿಮೆಯಾದರೂ ಒಂದೇ ಸಮ ಹನಿಸುವ ಡ್ರಿಪ್ಪರುಗಳಿಗೆ ಸಾಮಾನ್ಯವಾಗಿ ಕನಿಷ್ಠ 0.5 ಬಾರಿನಷ್ಟಾದರೂ ಬೇಕು, ಅವು ಇಲ್ಲಿ ಕೆಲಸಕ್ಕೆ ಬಾರವು. ಸಾದಾ ಡ್ರಿಪ್ಪರೇ ಸರಿ. 1 ಬಾರಿನಲ್ಲಿ ಗಂಟೆಗೆ 2 ಲೀಟರ್ ಕೊಡುವ ಸಾದಾ ಡ್ರಿಪ್ಪರ್ 0.1 ಬಾರಿನಲ್ಲಿ ಸುಮಾರು 0.63 ಲೀಟರ್ ಕೊಡುತ್ತದೆ. ಒತ್ತಡ ಹತ್ತನೇ ಒಂದಕ್ಕೆ ಇಳಿದರೂ ನೀರು ಮೂರನೇ ಒಂದಕ್ಕಷ್ಟೇ ಇಳಿಯುತ್ತದೆ, ಏಕೆಂದರೆ ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಪ್ರತಿ ಮಡಿಗೆ ಎರಡು ಲ್ಯಾಟರಲ್ (ಮಡಿಯುದ್ದಕ್ಕೂ ಎಳೆದ ಸಣ್ಣ ಹನಿ ಪೈಪು), 30 ಸೆಂ.ಮೀ.ಗೊಂದು ಡ್ರಿಪ್ಪರ್, ಒಟ್ಟು 156. ಗಂಟೆಗೆ 98 ಲೀಟರ್. ಡ್ರಮ್ಮುಗಳು ತುಂಬಿರುವಾಗ ಎತ್ತರ ಹೆಚ್ಚಿರುವುದರಿಂದ ಅದೇ ಒಂದು ಗಂಟೆಯಲ್ಲಿ 130 ಲೀಟರಿಗೂ ಮೇಲೆ ಹೋಗುತ್ತದೆ. ಹಾಗಾಗಿ ದಿನಕ್ಕೊಮ್ಮೆ ನೀರು ಬಿಡುವ ಟೈಮರನ್ನು 50 ನಿಮಿಷಕ್ಕೆ ಇಟ್ಟಿದ್ದೇನೆ; ವಾರದ ಮೊದಲಲ್ಲಿ ಸ್ವಲ್ಪ ಹೆಚ್ಚು, ಕೊನೆಯಲ್ಲಿ ಸ್ವಲ್ಪ ಕಡಿಮೆ, ಒಟ್ಟು 700ರೊಳಗೆ.

ಒತ್ತಡ ಇಷ್ಟು ಕಡಿಮೆಯಿರುವಾಗ ಮಡಿಗಳ ಏರಿಳಿತ ಲೆಕ್ಕಕ್ಕೆ ಬರುತ್ತದೆ. ಒಂದು ಮಡಿ 20 ಸೆಂ.ಮೀ. ಎತ್ತರದಲ್ಲಿದ್ದರೆ, ಡ್ರಮ್ ಖಾಲಿಯಾಗುತ್ತ ಬಂದಾಗ ಅದಕ್ಕೆ ಹತ್ತು ಶೇಕಡದಷ್ಟು ನೀರು ಕಡಿಮೆ. ಲ್ಯಾಟರಲ್ಲುಗಳನ್ನು ಇಳಿಜಾರಿಗೆ ಅಡ್ಡಲಾಗಿ, ಮಟ್ಟಕ್ಕೆ ಎಳೆಯಿರಿ. ಮುಖ್ಯ ಪೈಪು 25 ಮಿ.ಮೀ., ಟ್ಯಾಂಕಿನಿಂದ ಮಡಿಯವರೆಗೂ ಇಳಿಯುತ್ತಲೇ ಇರಬೇಕು. ನಡುವೆ ಒಂದು ಕಡೆ ಕಲ್ಲಿನ ಮೇಲೆ ಹತ್ತಿ ಇಳಿದರೂ ಆ ಉಬ್ಬಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ, 0.1 ಬಾರಿಗೆ ಅದನ್ನು ತಳ್ಳುವ ಶಕ್ತಿ ಇಲ್ಲ. ಟ್ಯಾಂಕ್ ತುಂಬಿದೆ, ವಾಲ್ವ್ ತೆರೆದಿದೆ, ಹನಿ ಮಾತ್ರ ಇಲ್ಲ ಎಂದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ.

ಸಮವಾಗಿ ಬರುತ್ತಿದೆಯೇ ಎಂದು ತಿಳಿಯಲು ಮೊದಲ ಮತ್ತು ಕೊನೆಯ ಡ್ರಿಪ್ಪರಿನ ಕೆಳಗೆ ಲೋಟ ಇಟ್ಟು 10 ನಿಮಿಷ ಕಾಯಿರಿ. ಡ್ರಮ್ ಖಾಲಿಯಾಗುತ್ತ ಬಂದಾಗ ಎರಡರಲ್ಲೂ 100 ಮಿ.ಲೀ. ಆಸುಪಾಸು ಇರಬೇಕು. ಎರಡರಲ್ಲೂ 85ಕ್ಕಿಂತ ಕಡಿಮೆಯಿದ್ದರೆ ಫಿಲ್ಟರ್ ಬಿಚ್ಚುವ ಹೊತ್ತಾಗಿದೆ. ಫಿಲ್ಟರ್ 120 ಮೆಶ್ಶಿನ (ಇಂಚಿಗೆ 120 ಕಣ್ಣುಗಳ) ಸ್ಕ್ರೀನ್, ಅಳತೆ 1 ಇಂಚಿಗಿಂತ ಸಣ್ಣದು ಬೇಡ. ಸಣ್ಣ ಫಿಲ್ಟರ್ ಇರುವ ಅಷ್ಟಿಷ್ಟು ಒತ್ತಡವನ್ನೂ ನುಂಗುತ್ತದೆ.

ಟೈಮರ್ ಬ್ಯಾಟರಿಯದು, ಒಳಗೆ ಮೋಟಾರು ತಿರುಗಿಸುವ ಬಾಲ್ ವಾಲ್ವ್ ಇರುವಂಥದ್ದು. ಸಾಮಾನ್ಯ ಸೊಲೆನಾಯ್ಡ್ (ವಿದ್ಯುತ್ ಕಾಂತದಿಂದ ತೆರೆದು ಮುಚ್ಚುವ) ವಾಲ್ವಿನ ಟೈಮರುಗಳು ನೀರಿನ ಒತ್ತಡದ ನೆರವಿಲ್ಲದೆ ಸರಿಯಾಗಿ ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಬ್ಯಾಟರಿ ಸೋತಾಗ ವಾಲ್ವ್ ತೆರೆದೇ ಉಳಿಯಬಹುದು. ಬೆಳೆಯ ಪ್ರತಿ ಹಂಗಾಮಿನ ಮೊದಲು ಹೊಸ ಬ್ಯಾಟರಿ ಹಾಕುತ್ತೇನೆ, ಹಳೆಯದರಲ್ಲಿ ಜೀವವಿದ್ದರೂ ಸರಿ.

ಬಿಳಿ ಐಬಿಸಿಯೊಳಗೆ ಬೆಳಕು ಹೋದರೆ ಪಾಚಿ ಖಚಿತ, ಪಾಚಿಯಿಂದ ಡ್ರಿಪ್ಪರ್ ಕಟ್ಟುವುದೂ ಖಚಿತ. ಆ ಪ್ಲಾಸ್ಟಿಕ್ಕಿನ ಮೇಲೆ ಬಣ್ಣ ನಿಲ್ಲದೆ ಸಿಪ್ಪೆ ಏಳುತ್ತದೆ. ಕಪ್ಪು ಹಾಳೆ ಸುತ್ತಿ, ನೀರು ಕಾಯದಂತೆ ಅದರ ಮೇಲೆ ಬಿಳಿ ಟಾರ್ಪಾಲು ಹೊದಿಸಿ. ಸೊಳ್ಳೆಗೆ ಎಲ್ಲ ಬಾಯಿಗಳಿಗೂ 1 ಮಿ.ಮೀ.ಗಿಂತ ಸಣ್ಣ ಕಣ್ಣಿನ ಜಾಲರಿ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಏಳೆಂಟು ದಿನ ಸಾಕು, ವಾರಕ್ಕೊಮ್ಮೆ ಬರುವವರಿಗೆ ಕಾಣುವ ಮೊದಲೇ ಹಾರಿಹೋಗಿರುತ್ತವೆ. ಎಲ್ಲರೂ ಮರೆಯುವುದು ಚೆಲ್ಲುವ ಪೈಪಿನ ತುದಿಯನ್ನು.

ತೆರೆದ ಹೊಂಡ ತೋಡಬಹುದಲ್ಲ ಎಂದರೆ, ಇಷ್ಟು ಸಣ್ಣ ತೋಟಕ್ಕೆ ನಾನು ಒಪ್ಪುವುದಿಲ್ಲ. 10 ಚದರ ಮೀಟರಿನ ಹೊಂಡದಿಂದ ಬಿಸಿಲಿನಲ್ಲಿ ದಿನಕ್ಕೆ 5 ಮಿ.ಮೀ. ಆವಿಯಾದರೆ 50 ಲೀಟರ್ ಹೋಯಿತು, ಅದು ಎಲ್ಲ ಮಡಿಗಳ ಅರ್ಧ ದಿನದ ನೀರು. ಅದರ ಬದಲು 5ರಿಂದ 7 ಸೆಂ.ಮೀ. ಒಣಹುಲ್ಲೋ ತರಗೆಲೆಯೋ ಮಡಿಗೆ ಹೊದಿಸಿ. ಲ್ಯಾಟರಲ್ಲುಗಳೂ ಅದರಡಿಯೇ ಇರಲಿ: ಬಿಸಿಲಿಗೆ ಪೈಪು ಬಿರಿಯುವುದಿಲ್ಲ, ಒಳಗೆ ನಿಂತ ನೀರು ಕಾದು ಬೇರಿಗೆ ಬೀಳುವುದಿಲ್ಲ.

ಹೊರಡುವ ಮುನ್ನ ಐಬಿಸಿಯ ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆದು ತಾರೀಖು ಬರೆಯುತ್ತೇನೆ. ಒಂದು ಸೆಂ.ಮೀ. ಎಂದರೆ ಸುಮಾರು 10 ಲೀಟರ್. ಸೆಕೆಂಡಿಗೊಂದು ಹನಿ ಸೋರಿದರೂ ದಿನಕ್ಕೆ 4 ಲೀಟರಿಗೂ ಹೆಚ್ಚು, ವಾರದಲ್ಲಿ ಗೆರೆ ಮೂರು ಸೆಂ.ಮೀ. ಕೆಳಗಿಳಿದಿರುತ್ತದೆ. ಮಳೆಯಿಲ್ಲದ ವಾರದಲ್ಲಿ ಹಾಗೆ ಇಳಿದಿದ್ದು ಹೊರಗೆಲ್ಲೂ ಒದ್ದೆ ಕಾಣದಿದ್ದರೆ, ನೀರು ಮುಚ್ಚಿದ ವಾಲ್ವಿನ ಮೂಲಕವೇ ಡ್ರಮ್ಮಿಗೆ ಜಾರುತ್ತಿದೆ. ಸಾಮಾನ್ಯವಾಗಿ ಒಂದು ಮರಳಿನ ಕಣ ಅಡ್ಡ ಕೂತಿರುತ್ತದೆ. ವಾಲ್ವನ್ನು ಪೂರ್ತಿ ತೆರೆದು ನಾಲ್ಕೈದು ಸೆಕೆಂಡು ರಭಸವಾಗಿ ಹರಿಸಿ ಮುಚ್ಚಿ, ಹೊಸ ಗೆರೆ ಎಳೆಯಿರಿ. ಮುಂದಿನ ವಾರವೂ ಇಳಿದಿದ್ದರೆ ವಾಲ್ವನ್ನೇ ಬದಲಿಸಬೇಕು.