ರೆಡಾಕ್ಸ್ ಸಮೀಕರಣ: ಎಲ್ಲರೂ ಎಡವುವುದು ಚಾರ್ಜ್ ಎಣಿಸುವಲ್ಲಿ

ಮಲ್ಪೆ ಕಡೆಯ ಮನೆಗಳ ಕಬ್ಬಿಣದ ಗೇಟು ಯಾಕೆ ಇಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂದು ಕೇಳಿದರೆ, ಟ್ಯೂಷನ್ನಿಗೆ ಬರುವ ಪಿಯುಸಿ ಮಕ್ಕಳು ಥಟ್ಟನೆ 'ಆಕ್ಸಿಡೇಶನ್ ಸರ್, ಉಪ್ಪು ಗಾಳಿ ಅಲ್ವಾ' ಎನ್ನುತ್ತಾರೆ. ಒಂದು ರೆಡಾಕ್ಸ್ ಸಮೀಕರಣ, ಅಂದರೆ ಒಬ್ಬರು ಎಲೆಕ್ಟ್ರಾನ್ ಕೊಟ್ಟು ಇನ್ನೊಬ್ಬರು ಪಡೆಯುವ ಕ್ರಿಯೆಯ ಸಮೀಕರಣ ಕೊಟ್ಟು ಸರಿದೂಗಿಸಲು ಹೇಳಿ ನೋಡಿ. ಕ್ಲಾಸು ಪೂರ್ತಿ ಮೌನ.

ಡೈಕ್ರೋಮೇಟ್ (Cr₂O₇²⁻) ಮತ್ತು ಫೆರಸ್ (Fe²⁺, ಅಂದರೆ +2 ಕಬ್ಬಿಣ) ಅಯಾನುಗಳ ಕ್ರಿಯೆಯನ್ನೇ ತೆಗೆದುಕೊಳ್ಳೋಣ. ಆಮ್ಲದಲ್ಲಿ ಇವೆರಡು ಸೇರಿದರೆ ಕಿತ್ತಳೆ ಬಣ್ಣ ಹೋಗಿ ಹಸಿರು ಬರುತ್ತದೆ.

ಮೊದಲು, ಯಾರು ಕೊಟ್ಟರು, ಯಾರು ಪಡೆದರು ಎಂದು ನೋಡಿ. ಎಲೆಕ್ಟ್ರಾನ್ ಕಳೆದುಕೊಂಡರೆ ಉತ್ಕರ್ಷಣ (ಆಕ್ಸಿಡೇಶನ್), ಪಡೆದರೆ ಅಪಕರ್ಷಣ (ರಿಡಕ್ಷನ್). ಕಬ್ಬಿಣದ ಆಕ್ಸಿಡೇಶನ್ ನಂಬರು +2ರಿಂದ +3ಕ್ಕೆ ಹೋಗಿದೆ, ಅಂದರೆ ಕಳೆದುಕೊಂಡಿದೆ. ಕ್ರೋಮಿಯಂ +6ರಿಂದ +3ಕ್ಕೆ ಇಳಿದಿದೆ, ಪಡೆದಿದೆ.

ಎರಡನೆಯದು, ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಕಬ್ಬಿಣದ ಸಾಲು ಸುಲಭ: ಬಲಗಡೆ 1 ಎಲೆಕ್ಟ್ರಾನ್ ಹಾಕಿದರೆ ಮುಗಿಯಿತು.

ಮೂರನೆಯದು, ಡೈಕ್ರೋಮೇಟ್ ಸಾಲಿನ ಪರಮಾಣುಗಳು. ಎಡಗಡೆ 2 ಕ್ರೋಮಿಯಂ ಇದೆ, ಆದ್ದರಿಂದ ಬಲಗಡೆಯ ಕ್ರೋಮಿಯಂ ಮುಂದೆ 2 ಹಾಕಿ. ಮೊದಲು ಇದು, ಆಮೇಲೆ ಉಳಿದದ್ದು. 7 ಆಕ್ಸಿಜನ್‌ಗೆ ಬಲಗಡೆ 7 ನೀರು. ಆ ನೀರಿನ 14 ಹೈಡ್ರೋಜನ್‌ಗೆ ಎಡಗಡೆ 14 ಹೈಡ್ರೋಜನ್ ಅಯಾನು.

ಈಗ ನಾಲ್ಕನೆಯದು, ಚಾರ್ಜ್. ಇಲ್ಲಿ ನಿಧಾನ ಮಾಡಿ. ಚಾರ್ಜ್ ಎಣಿಸುವುದೆಂದರೆ ಸಿಟಿ ಬಸ್ಸಿನ ಕಂಡಕ್ಟರ್ ರಾತ್ರಿ ಲೆಕ್ಕ ಒಪ್ಪಿಸಿದ ಹಾಗೆ. ನೋಟಿನ ಬೆಲೆ ನೋಡಿದರೆ ಸಾಲದು, ಅಂಥ ನೋಟು ಎಷ್ಟಿವೆ ಎಂದೂ ನೋಡಬೇಕು. ಎಡಗಡೆ ಡೈಕ್ರೋಮೇಟಿನದು -2, ಹೈಡ್ರೋಜನ್ ಅಯಾನುಗಳದು +14. ಕೂಡಿದರೆ +12. ಬಲಗಡೆ ಕ್ರೋಮಿಯಂ +3, ಆದರೆ ಅದು ಎರಡಿದೆ, ಆದ್ದರಿಂದ +6. ನೀರಿಗೆ ಸೊನ್ನೆ. +12 ಅನ್ನು +6ಕ್ಕೆ ಇಳಿಸಬೇಕು. ಎಲೆಕ್ಟ್ರಾನ್ ಋಣ, ಹಾಗಾಗಿ ಜಾಸ್ತಿ ಇರುವ ಕಡೆ, ಅಂದರೆ ಎಡಗಡೆ, 6 ಎಲೆಕ್ಟ್ರಾನ್.

ಮಕ್ಕಳು ಏನು ಮಾಡುತ್ತಾರೆ ಗೊತ್ತಾ? ಬಲಗಡೆ ಬರೀ +3 ಎಂದು ಓದಿ 9 ಎಲೆಕ್ಟ್ರಾನ್ ಹಾಕುತ್ತಾರೆ. 'ಎಂತ ಮಾರಾಯ, ಕ್ರೋಮಿಯಂ ಎರಡು ಉಂಟಲ್ಲ?' ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ಇನ್ನು ಕೆಲವರು ಆಕ್ಸಿಡೇಶನ್ ನಂಬರಿನ ವ್ಯತ್ಯಾಸ ನೋಡಿ ಅಡ್ಡ ಗುಣಿಸುವ ಶಾರ್ಟ್‌ಕಟ್ ಕಲಿತು ಬರುತ್ತಾರೆ. ಆ ದಾರಿ ತಪ್ಪಲ್ಲ. ಆದರೆ 6ರಿಂದ 3 ಕಳೆದು 3 ಎಂದು ಬರೆದು, ಎರಡರಿಂದ ಗುಣಿಸಲು ಮರೆಯುತ್ತಾರೆ. ಶಾರ್ಟ್‌ಕಟ್ಟನ್ನು ಪರೀಕ್ಷೆಯ ಹಿಂದಿನ ವಾರ ಕಲಿಯಬೇಡಿ, ಅಷ್ಟೇ. ಚಾರ್ಜ್‌ಗಳನ್ನು ರಫ್ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲೇ ಬರೆಯಿರಿ. ಪೆನ್ಸಿಲ್ ಬೇಡ, ಅಳಿಸಿ ಅಳಿಸಿ ಪ್ಲಸ್ ಹೋಗಿ ಮೈನಸ್ ಆಗಿರುತ್ತದೆ. ಅಗ್ಗದ ಗೈಡುಗಳನ್ನೂ ನಂಬಬೇಡಿ. ನನ್ನ ಹತ್ತಿರ ಇರುವ ಒಂದರಲ್ಲಿ ಎಲೆಕ್ಟ್ರಾನ್‌ಗಳೇ ತಪ್ಪು ಕಡೆ ಅಚ್ಚಾಗಿವೆ.

ಐದನೆಯದು, ಕಬ್ಬಿಣದ ಸಾಲನ್ನು 6ರಿಂದ ಗುಣಿಸಿ ಎರಡೂ ಸಾಲು ಕೂಡಿಸಿ. ಎಲೆಕ್ಟ್ರಾನ್‌ಗಳು ಹೊಡೆದುಹೋಗಿ ಇಷ್ಟು ಉಳಿಯುತ್ತದೆ:

1 ಡೈಕ್ರೋಮೇಟ್ + 6 ಫೆರಸ್ + 14 ಹೈಡ್ರೋಜನ್ ಅಯಾನು → 2 ಕ್ರೋಮಿಯಂ(3+) + 6 ಫೆರಿಕ್(3+) + 7 ನೀರು

ಎರಡೂ ಕಡೆ ಚಾರ್ಜ್ +24 ಬಂದರೆ ಸರಿ. ಬರದಿದ್ದರೆ ನಾಲ್ಕನೆಯದಕ್ಕೆ ವಾಪಸ್ ಹೋಗಿ, ಬೇರೆಲ್ಲೂ ಹುಡುಕಬೇಡಿ.

ಕ್ಷಾರದಲ್ಲಿ ಎಂದು ಕೇಳಿದರೆ ಗಾಬರಿ ಬೇಡ. ಆಮ್ಲ ಎಂದುಕೊಂಡೇ ಮುಗಿಸಿ. ಕೊನೆಗೆ ಎಷ್ಟು ಹೈಡ್ರೋಜನ್ ಅಯಾನು ಇದೆಯೋ ಅಷ್ಟೇ ಹೈಡ್ರಾಕ್ಸೈಡ್ ಅನ್ನು ಎರಡೂ ಕಡೆ ಸೇರಿಸಿ. ಜೋಡಿಯಾದವು ನೀರಾಗುತ್ತವೆ, ಎರಡೂ ಕಡೆ ಇರುವ ನೀರನ್ನು ಹೊಡೆದುಹಾಕಿ.

ಲ್ಯಾಬಿನ ಮಾತೂ ಒಂದಿದೆ. ಪರ್ಮಾಂಗನೇಟ್ ಟೈಟ್ರೇಷನ್‌ಗೆ, ಅಂದರೆ ಫೆರಸ್ ಅಥವಾ ಆಕ್ಸಾಲಿಕ್ ಆಮ್ಲ ಎಷ್ಟಿದೆ ಎಂದು ಬ್ಯುರೆಟ್ಟಿನಿಂದ ಪರ್ಮಾಂಗನೇಟ್ ಹನಿಸಿ ಅಳೆಯುವಾಗ, ಸಾರರಿಕ್ತ ಸಲ್ಫ್ಯೂರಿಕ್ ಆಮ್ಲವನ್ನೇ ಹಾಕಬೇಕು. ಹೈಡ್ರೋಕ್ಲೋರಿಕ್ ಹಾಕಿದರೆ ಪರ್ಮಾಂಗನೇಟ್ ಸುಮ್ನೆ ಕ್ಲೋರೈಡನ್ನೂ ಉತ್ಕರ್ಷಿಸಲು ಹೊರಡುತ್ತದೆ, ಬ್ಯುರೆಟ್ ರೀಡಿಂಗ್ ಜಾಸ್ತಿ ಬರುತ್ತದೆ. ನೈಟ್ರಿಕ್ ಹಾಕಿದರೆ ಆ ಆಮ್ಲವೇ ಕಬ್ಬಿಣದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ರೀಡಿಂಗ್ ಕಡಿಮೆ ಬರುತ್ತದೆ. ಆಕ್ಸಾಲಿಕ್ ಆಮ್ಲವನ್ನು ಸುಮಾರು 60 ಡಿಗ್ರಿಗೆ ಬಿಸಿ ಮಾಡಿಕೊಳ್ಳಿ. ಮೋರ್ ಉಪ್ಪನ್ನು (ಫೆರಸ್ ಇರುವ ಲ್ಯಾಬಿನ ಲವಣ) ಮಾತ್ರ ಬಿಸಿ ಮಾಡಬೇಡಿ, ಗಾಳಿಯೇ ಅದರ ಫೆರಸ್ಸನ್ನು ಫೆರಿಕ್ ಮಾಡಿಬಿಡುತ್ತದೆ.